ಓಮ್ ಎಂಬ ಹೈಸ್ಕೂಲ್ ಮೇಷ್ಟ್ರು

ಹತ್ತನೇ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಓಮ್‌ನ ನಿಯಮವನ್ನು ಕಂಡುಹಿಡಿದವರು ನಮ್ಮ ಗುರುಗಳಂತೆಯೇ ಶಾಲಾ ಶಿಕ್ಷಕರಾಗಿದ್ದರು. ಜಾರ್ಜ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದರು. ಬೀಗ ಮಾಡುವ ಕಸುಬಿನ ತಂದೆಯೇ ಮಗನಿಗೆ ಗಣಿತ ಹೇಳಿಕೊಟ್ಟರು. 1817ರಿಂದ ಕಲೋನ್ ನಗರದಲ್ಲಿ ಪಾಠ ಮಾಡುತ್ತ, ಶಾಲೆಯ ಪ್ರಯೋಗಾಲಯದಲ್ಲೇ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಹರಿಯುವ ವಿದ್ಯುತ್ತನ್ನು ಅಳೆದರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ ಎಂಬುದೇ ಆ ಶ್ರಮದ ಸಾರ.

1827ರಲ್ಲಿ ಅವರ ಗ್ರಂಥ ಹೊರಬಂದಾಗ ತಾಯ್ನಾಡಿನ ವಿದ್ವಾಂಸರಲ್ಲಿ ಹೆಚ್ಚಿನವರು ಕಡೆಗಣಿಸಿದರು. ನೊಂದ ಓಮ್ ಕೆಲಸ ಬಿಟ್ಟರು. 1833ರವರೆಗೆ ಭದ್ರವಾದ ಹುದ್ದೆ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ನೀಡಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದದ್ದು 1852ರಲ್ಲಿ, 1854ರಲ್ಲಿ ಕಾಲವಾದರು.

ಅರ್ಧ ಶತಮಾನದ ಮೇಲೆ, 1905ರಲ್ಲಿ, ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂತು. ಇಂದು ಚಿಕ್ಕಬಾಣಾವರದ ಮನೆಮನೆಯಲ್ಲೂ ಅದೇ ಲೆಕ್ಕ ನಡೆಯುತ್ತಿದೆ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯ ರೋಧ 46 ಓಮ್. ಎರಡನ್ನೂ ಗುಣಿಸಿದರೆ ಸಾಮರ್ಥ್ಯ 1150 ವ್ಯಾಟ್. ರೋಧದ ಏಕಮಾನಕ್ಕೆ ಆ ಮೇಷ್ಟ್ರ ಹೆಸರೇ ನಿಂತಿದೆ.