ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (14 ಜುಲೈ 1794 – 27 ಮಾರ್ಚ್ 1868) ಅವರು ಮೈಸೂರು ಸಂಸ್ಥಾನದ ಅರಸರು. ನಾಲ್ಕನೆಯ ಮೈಸೂರು ಯುದ್ಧದ ಬೆನ್ನಲ್ಲೇ, ಐದು ವರ್ಷ ತುಂಬುವ ಮೊದಲೇ ಪಟ್ಟವೇರಿದ ಇವರ ಬಾಲ್ಯವು ಯುದ್ಧಕಾಲದ ಶ್ರೀರಂಗಪಟ್ಟಣದಲ್ಲಿ ಕಳೆಯಿತು.

ಹಿನ್ನೆಲೆ

ಕೃಷ್ಣರಾಜರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರಾಗಿದ್ದರು. ಆಡಳಿತವು ಹೈದರಾಲಿಯ ಕಾಲದಿಂದಲೂ ಒಡೆಯರ ಕೈತಪ್ಪಿ, 1782ರ ನಂತರ ಟಿಪ್ಪು ಸುಲ್ತಾನನಿಗೆ ಸೇರಿತ್ತು. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರಿಗೆ ಒಪ್ಪಿಸಿದ್ದನು. ಆ ಮಕ್ಕಳು ಮರಳಿದ್ದು ಕೃಷ್ಣರಾಜರು ಹುಟ್ಟಿದ 1794ರಲ್ಲಿ.

ಬಾಲ್ಯ

1796ರಲ್ಲಿ ಚಾಮರಾಜ ಒಡೆಯರು ನಿಧನರಾದರು. ಟಿಪ್ಪು ಹೊಸ ಅರಸನನ್ನು ನೇಮಿಸಲಿಲ್ಲ. ಅರಮನೆಯ ಸೊತ್ತನ್ನು ವಶಪಡಿಸಿಕೊಂಡು, ರಾಜಕುಟುಂಬವನ್ನು ಸಾಮಾನ್ಯವಾದ ಚಿಕ್ಕ ಮನೆಯೊಂದಕ್ಕೆ ಸಾಗಿಸಲಾಯಿತು. ಎರಡು ವರ್ಷದ ಬಾಲಕನ ಪೋಷಣೆಯಲ್ಲಿ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರ ಪಾತ್ರ ಹಿರಿದು. ಒಡೆಯರ ಮನೆತನಕ್ಕೆ ರಾಜ್ಯವನ್ನು ಮರಳಿ ದೊರಕಿಸಲು ಅವರು ಇಂಗ್ಲಿಷರೊಡನೆ ಬಹುಕಾಲದಿಂದ ಗುಟ್ಟಾಗಿ ಸಂಧಾನ ನಡೆಸುತ್ತಿದ್ದರು.

ಪಟ್ಟಾಭಿಷೇಕ

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದನು. ಜೂನ್ 30ರಂದು ಬಾಲಕ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಲಾಯಿತು. ಅಲ್ಲಿನ ಹಳೆಯ ಅರಮನೆ ಹಾಳಾಗಿದ್ದುದರಿಂದ ಸಮಾರಂಭವು ಚಪ್ಪರದಲ್ಲಿ ಜರುಗಿತು. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರೇ ದಿವಾನರಾಗಿ ಆಡಳಿತ ವಹಿಸಿಕೊಂಡರು. ಮರಳಿ ಬಂದ ರಾಜ್ಯವು ಸ್ವತಂತ್ರವಾಗಿರಲಿಲ್ಲ. ಇಂಗ್ಲಿಷ್ ಸೇನೆಯ ವೆಚ್ಚಕ್ಕೆ ವರ್ಷಕ್ಕೆ 7 ಲಕ್ಷ ವರಹಗಳನ್ನು ಕೊಡಬೇಕಿತ್ತು. ಅತ್ತ ಟಿಪ್ಪುವಿನ ಮಕ್ಕಳು ತಮ್ಮ ಮನೆಯನ್ನು ಕಳೆದುಕೊಂಡು ವೆಲ್ಲೂರು ಕೋಟೆಯ ಸೆರೆವಾಸಕ್ಕೆ ತೆರಳಿದರು. ಒಂದೇ ಯುದ್ಧವು ಒಂದು ಮನೆತನದ ಮಗುವನ್ನು ಸಿಂಹಾಸನಕ್ಕೇರಿಸಿ, ಇನ್ನೊಂದು ಮನೆತನದ ಮಕ್ಕಳನ್ನು ಊರಿನಿಂದಲೇ ಹೊರಡಿಸಿತು.

ನಂತರದ ಜೀವನ

ಬಾಲಕ ಅರಸರಿಗಾಗಿ ಮೈಸೂರಿನಲ್ಲಿ ಮರದ ಅರಮನೆಯನ್ನು ಕಟ್ಟಲಾಯಿತು. ಪ್ರಾಯಕ್ಕೆ ಬಂದ ಮೇಲೆ ಕೃಷ್ಣರಾಜರು ಆಡಳಿತ ವಹಿಸಿಕೊಂಡರಾದರೂ, ನಗರ ದಂಗೆಯ ನಂತರ 1831ರಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡರು. ಅನಂತರ ಅವರು ಅರಮನೆಯಲ್ಲೇ ಸಾಹಿತ್ಯ, ಸಂಗೀತ, ಚಿತ್ರಕಲೆಗಳನ್ನು ಪೋಷಿಸಿದರು. ಶ್ರೀತತ್ತ್ವನಿಧಿ ಅವರ ಹೆಸರಿನ ಪ್ರಸಿದ್ಧ ಗ್ರಂಥ. 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು 1881ರಲ್ಲಿ ಮರಳಿ ದೊರೆಯಿತು. ಕೃಷ್ಣರಾಜರು ಬೆಳೆದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು; ಇಂದಿನ ಮೈಸೂರು ಅರಮನೆ ಅದೇ ಸ್ಥಳದಲ್ಲಿದೆ.