ಬೇರಿನ ತುಂಡು ಸಾಲದೆಂದ ಜಾನ್ ಯೂರಿ ಲಾಯ್ಡ್

ನಮ್ಮ ಮನೆಯ ಜಂತಿಯ ಸಂದಿನಲ್ಲಿ ಒಂದು ಬಟ್ಟೆಯ ಗಂಟು ಇದೆ. ಅದರೊಳಗೆ ಬೆರಳುದ್ದದ ಮೂರು ಒಣಬೇರುಗಳಿವೆ. ನನ್ನ ತಾತ ಊರಿನಲ್ಲಿ ನಾಟಿವೈದ್ಯರಾಗಿದ್ದರು. ಚೇಳು ಕಡಿದವರು ಬಂದರೆ ಈ ಬೇರನ್ನು ತೇಯ್ದು ಹಚ್ಚುತ್ತಿದ್ದರು. ಅದು ಯಾವ ಗಿಡದ ಬೇರೆಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುವುದೆಂದು ಅವರ ನಂಬಿಕೆ. ತಾತ ತೀರಿಕೊಂಡರು. ಗಂಟು ಉಳಿಯಿತು, ಗಿಡದ ಹೆಸರು ಉಳಿಯಲಿಲ್ಲ.

ಹೋದ ವರ್ಷ ನಾನು ಅದರಲ್ಲಿ ಒಂದು ತುಂಡನ್ನು ತಂದು, ಸಸ್ಯಶಾಸ್ತ್ರವನ್ನು ಬಲ್ಲ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿದರು, ಮೂಸಿದರು. ಎಲೆ, ಹೂ, ಕಾಯಿ ಸಹಿತವಾಗಿ ಇಡೀ ಗಿಡವನ್ನು ನೋಡದೆ ಏನನ್ನೂ ಹೇಳಲಾಗದೆಂದರು. ನನ್ನ ಮುಖ ಬಾಡಿದ್ದನ್ನು ಕಂಡು, ನೂರು ವರ್ಷಗಳಿಗೂ ಹಿಂದೆ ಇದೇ ಮಾತನ್ನು ಆಡಿದ ಅಮೆರಿಕದ ಔಷಧಶಾಸ್ತ್ರಜ್ಞನೊಬ್ಬನ ವೃತ್ತಾಂತವನ್ನು ಹೇಳಿದರು. ಅವನೇ ಜಾನ್ ಯೂರಿ ಲಾಯ್ಡ್. ಅಂದಿನಿಂದ ಅವನ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಸಸ್ಯಶಾಸ್ತ್ರದಲ್ಲಿ ಪ್ರವೇಶವಿಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.

ಲಾಯ್ಡ್ ಹುಟ್ಟಿದ್ದು 1849ರ ಏಪ್ರಿಲ್ 19ರಂದು, ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್ ಬ್ಲೂಮ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ತಂದೆ ಭೂಮಾಪನದ ಎಂಜಿನಿಯರು; ತಾಯಿ ಉಪಾಧ್ಯಾಯಿನಿ. ಮಗುವಿಗೆ ನಾಲ್ಕು ವರ್ಷವಾದಾಗ ಸಂಸಾರ ಕೆಂಟಕಿ ಸಂಸ್ಥಾನಕ್ಕೆ ವಲಸೆ ಹೋಯಿತು. ಹುಡುಗನಿಗೆ ಕಾಲೇಜಿನ ವಿದ್ಯೆಯ ಯೋಗವಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, 1863ರಲ್ಲಿ, ಅವನನ್ನು ಓಹಾಯೊ ನದಿಯ ಆಚೆಯ ಸಿನ್ಸಿನಾಟಿ ಪಟ್ಟಣದ ಔಷಧದಂಗಡಿಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟರು. ಸೀಸೆ ತೊಳೆಯುವುದು, ಬೇರು ಕುಟ್ಟುವುದು, ಅರ್ಕ ಇಳಿಸುವುದು: ಇದೇ ಅವನ ಪಾಠಶಾಲೆ. ಆ ದಿನಗಳಲ್ಲಿ ಕೊಂಡ ಒಂದೆರಡು ಪಠ್ಯಪುಸ್ತಕಗಳೇ ಮುಂದೆ ಸಿನ್ಸಿನಾಟಿಯ ಹೆಸರಾಂತ ಲಾಯ್ಡ್ ಗ್ರಂಥಾಲಯಕ್ಕೆ ಬೀಜವಾದವು. ಔಷಧಸಸ್ಯಗಳ ಗ್ರಂಥಗಳಿಗಾಗಿ ವಿದ್ವಾಂಸರು ಇಂದಿಗೂ ಅಲ್ಲಿಗೆ ಹೋಗುತ್ತಾರೆ.

ಆ ಕಾಲದ ಅಮೆರಿಕದಲ್ಲಿ ಎಕ್ಲೆಕ್ಟಿಕ್ ಪಂಥವೆಂಬ ವೈದ್ಯರ ಗುಂಪೊಂದು ಇತ್ತು. ಪಾದರಸ ಕುಡಿಸುವ, ರಕ್ತ ತೆಗೆಯುವ ಅಂದಿನ ಚಿಕಿತ್ಸೆಗಳನ್ನು ಬಿಟ್ಟು, ತಮ್ಮ ನೆಲದ ಗಿಡಮೂಲಿಕೆಗಳನ್ನು ಪರೀಕ್ಷಿಸಿ ಬಳಸಬೇಕೆಂಬುದು ಅವರ ಮತ. ಆ ಪಂಥದ ಹಿರಿಯ ಜಾನ್ ಕಿಂಗ್ ಎಂಬ ವೈದ್ಯನ ಕಣ್ಣಿಗೆ ಈ ತರುಣ ಬಿದ್ದ. ಅವನ ಪ್ರೇರಣೆಯಿಂದ ಲಾಯ್ಡ್ 1871ರಲ್ಲಿ ಔಷಧ ತಯಾರಿಸುವ ಸಂಸ್ಥೆಯೊಂದರಲ್ಲಿ ರಸಾಯನಜ್ಞನಾಗಿ ಸೇರಿದ. 1885ರ ವೇಳೆಗೆ ಆ ಉದ್ಯಮ ಲಾಯ್ಡ್ ಸೋದರರದೇ ಆಯಿತು. ಹಿರಿಯ ಜಾನ್ ಯೂರಿ ಪ್ರಯೋಗಶಾಲೆಯನ್ನು ನೋಡಿಕೊಂಡ. ನಡುವಣ ನೆಲ್ಸನ್ ಆಷ್ಲಿ ವ್ಯಾಪಾರವನ್ನು ನೋಡಿಕೊಂಡ. ಕಿರಿಯ ಕರ್ಟಿಸ್ ಗೇಟ್ಸ್ ಸಸ್ಯಶಾಸ್ತ್ರದಲ್ಲಿ, ಅದರಲ್ಲೂ ಅಣಬೆಗಳ ಅಭ್ಯಾಸದಲ್ಲಿ, ಮುಳುಗಿದ. ಪದವಿಯಿಲ್ಲದ ಜಾನ್ ಯೂರಿ ವೈದ್ಯಶಾಲೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. 1887ರಲ್ಲಿ ಅಮೆರಿಕದ ಔಷಧಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷನಾದ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1885ರ ಸುಮಾರಿಗೆ ನೆಬ್ರಾಸ್ಕ ಸಂಸ್ಥಾನದ ಪಾನೀ ಸಿಟಿಯಿಂದ ಕಿಂಗ್ ಮತ್ತು ಲಾಯ್ಡರಿಗೆ ಒಂದು ಬೇರು ಬಂತು. ಕಳುಹಿಸಿದವನು ಮೇಯರ್ ಎಂಬ ಜರ್ಮನ್ ಮೂಲದ ನಾಟಿವೈದ್ಯ. ಆ ಬೇರಿನ ಅರ್ಕವನ್ನು ಅವನು ರಕ್ತಶೋಧಕವೆಂಬ ಹೆಸರಿನಲ್ಲಿ ಅನೇಕ ವರ್ಷಗಳಿಂದ ಮಾರುತ್ತಿದ್ದ. ಅದು ಯಾವ ಗಿಡವೆಂದು ಅವನಿಗೇ ತಿಳಿಯದು. ಗುರುತಿಸಿ ಕೊಡಬೇಕೆಂದು ಕೇಳಿದ್ದ. ಬೇರಿನಿಂದ ಗಿಡವನ್ನು ನಿರ್ಣಯಿಸಲಾಗದೆಂದು, ಇಡೀ ಗಿಡವನ್ನೇ ಕಳುಹಿಸಬೇಕೆಂದು ಲಾಯ್ಡ್ ಬರೆದ. ಮೇಯರ್ ಕಳುಹಿಸಿದ. ಅದನ್ನು ಪರೀಕ್ಷಿಸಿ ಲಾಯ್ಡ್ ಸೋದರರು ಅದು ಎಕಿನೇಶಿಯ ಅಂಗುಸ್ಟಿಫೋಲಿಯ ಎಂದು ನಿರ್ಣಯಿಸಿದರು.

ಈ ಗಿಡ ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಉತ್ತರ ಅಮೆರಿಕದ ಹುಲ್ಲುಬಯಲುಗಳು ಅದರ ತೌರು. ತೆಳು ನೇರಳೆ ಬಣ್ಣದ ಎಸಳುಗಳು ಕೆಳಗೆ ಬಾಗಿರುತ್ತವೆ. ನಡುವೆ ಮುಳ್ಳುಮುಳ್ಳಾದ ಕಂದು ಗುಬುಟು ಎದ್ದು ನಿಂತಿರುತ್ತದೆ. ಮೈಯೆಲ್ಲ ಮುಳ್ಳಿರುವ ಪುಟ್ಟ ಪ್ರಾಣಿಯೊಂದರ ಗ್ರೀಕ್ ಹೆಸರಿನಿಂದ ಮೋಯೆಂಕ್ ಎಂಬ ಜರ್ಮನ್ ವಿದ್ವಾಂಸ 1794ರಲ್ಲಿ ಇದರ ಕುಲಕ್ಕೆ ಎಕಿನೇಶಿಯ ಎಂದು ನಾಮಕರಣ ಮಾಡಿದ. ಆದರೆ ವಿದ್ವಾಂಸರು ಹೆಸರಿಡುವುದಕ್ಕೆ ಬಹುಕಾಲ ಮೊದಲೇ ಆ ಬಯಲಿನ ಮೂಲನಿವಾಸಿಗಳಾದ ಲಕೋಟ, ಪಾನೀ, ಒಮಾಹ, ಷೈಯೆನ್ ಮೊದಲಾದ ಜನ ಇದನ್ನು ಬಲ್ಲವರು. ಹಲ್ಲುನೋವಿಗೆ, ಸುಟ್ಟಗಾಯಕ್ಕೆ, ಹಾವಿನ ಕಡಿತಕ್ಕೆ ಅವರು ಇದರ ಬೇರನ್ನು ಬಳಸುತ್ತಿದ್ದರು. ಬೇರನ್ನು ಅಗಿದರೆ ನಾಲಗೆ ಜುಮ್ಮೆನ್ನುತ್ತದೆ. ಅಲ್ಕಮೈಡುಗಳೆಂಬ ದ್ರವ್ಯಗಳು ಅದಕ್ಕೆ ಕಾರಣವೆಂದು ಈಗ ರಸಾಯನಶಾಸ್ತ್ರ ಹೇಳುತ್ತದೆ. ಮೇಯರನ ಸೀಸೆಯ ಮೇಲೆ ಆ ಜನರ ಹೆಸರು ಇರಲಿಲ್ಲ.

ಗಿಡವನ್ನು ಗುರುತಿಸಿದ ಮಾತ್ರಕ್ಕೆ ಲಾಯ್ಡ್ ಅದರ ಗುಣವನ್ನು ನಂಬಲಿಲ್ಲ. ಮೇಯರ್ ಹೇಳಿಕೊಂಡದ್ದು ಒಂದೆರಡು ರೋಗಗಳಲ್ಲ. ಬಾಲವನ್ನು ಗಿಲಕಿಯಂತೆ ಅಲ್ಲಾಡಿಸಿ ಸದ್ದು ಮಾಡುವ ಅಲ್ಲಿಯ ವಿಷಸರ್ಪದಿಂದ ತನ್ನನ್ನು ಅವರೆದುರಿಗೇ ಕಡಿಸಿಕೊಂಡು, ಈ ಮದ್ದಿನಿಂದಲೇ ಗುಣವಾಗಿ ತೋರಿಸುತ್ತೇನೆಂದು ಅವನು ಮುಂದೆ ಬಂದ. ಇವರು ಒಪ್ಪಲಿಲ್ಲ. ಎಲ್ಲ ರೋಗಕ್ಕೂ ಒಂದೇ ಮದ್ದೆನ್ನುವವನನ್ನು ಸಂಶಯದಿಂದ ನೋಡುವುದು ಲಾಯ್ಡನ ಸ್ವಭಾವ. ಮುದುಕ ಕಿಂಗ್ ಮಾತ್ರ ಅದನ್ನು ಪ್ರಯೋಗಿಸಿ ನೋಡಿದ. ಬೇನೆಯಲ್ಲಿ ನರಳುತ್ತಿದ್ದ ತನ್ನ ಮಡದಿಗೆ ಅದರಿಂದ ಉಪಶಮನ ಕಂಡಿತೆಂದು ನಂಬಿದ. 1887ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದ. ಅನೇಕ ವೈದ್ಯರ ಅನುಭವಗಳು ಒಂದೊಂದಾಗಿ ಬರತೊಡಗಿದ ಮೇಲೆ ಲಾಯ್ಡ್ ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಂಡ. ಎಕಿನೇಶಿಯದ ಮೇಲೆ 1917ರಲ್ಲಿ ಬರೆದ ಪುಸ್ತಿಕೆಯಲ್ಲಿ ಮೊದಲು ತಾನು ನಂಬದೆ ಇದ್ದುದನ್ನು ಅವನು ಮುಚ್ಚಿಡಲಿಲ್ಲ.

ಇಲ್ಲಿ ಚರಿತ್ರಕಾರನು ಎಚ್ಚರದಿಂದಿರಬೇಕು. ಲಾಯ್ಡ್ ಸಂಶೋಧಕನೂ ಹೌದು, ವ್ಯಾಪಾರಿಯೂ ಹೌದು. ಎಕಿನೇಶಿಯದ ಅರ್ಕ ಅವನ ಸಂಸ್ಥೆಯಲ್ಲಿ ಬಹಳವಾಗಿ ಮಾರಾಟವಾಗುವ ಔಷಧಗಳ ಸಾಲಿಗೆ ಸೇರಿತು. 1909ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಸಮಿತಿ, ಈ ಔಷಧಿಗೆ ಸಾಕಷ್ಟು ಪ್ರಮಾಣವಿಲ್ಲವೆಂದು ತಳ್ಳಿಹಾಕಿತು. ಆದರೂ 1916ರಲ್ಲಿ ಅದು ಅಲ್ಲಿಯ ರಾಷ್ಟ್ರೀಯ ಔಷಧಸೂತ್ರ ಗ್ರಂಥವನ್ನು ಸೇರಿ 1950ರವರೆಗೆ ಉಳಿಯಿತು. ಹಾಗಾದರೆ ಯಾರು ಸರಿ? ನಮ್ಮ ಕಾಲದ ಪರೀಕ್ಷೆಗಳನ್ನು ನೋಡೋಣ. 2005ರಲ್ಲಿ, ನೆಗಡಿಯ ವೈರಾಣುವನ್ನು ಸ್ವಯಂಸೇವಕರಿಗೆ ಸೋಂಕಿಸಿ ಅಂಗುಸ್ಟಿಫೋಲಿಯದ ಬೇರಿನ ಸಾರವನ್ನು ಕೊಟ್ಟು ಪರೀಕ್ಷಿಸಿದಾಗ ಗಮನಾರ್ಹವಾದ ಪ್ರಯೋಜನ ಕಾಣಲಿಲ್ಲ. 2014ರಲ್ಲಿ 4631 ಜನರ ಮೇಲೆ ನಡೆದಿದ್ದ 24 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದವರು, ಕೆಲವು ತಯಾರಿಕೆಗಳಿಂದ ಅಲ್ಪಸ್ವಲ್ಪ ಉಪಯೋಗವಿದ್ದರೂ ಇರಬಹುದು, ನೆಗಡಿ ಗುಣವಾಗುವುದೆಂದು ಸಿದ್ಧವಾಗಿಲ್ಲವೆಂದರು. ಆದುದರಿಂದ ಲಾಯ್ಡನ ನಂಬಿಕೆಯನ್ನು ನಾನು ಎತ್ತಿ ಹಿಡಿಯಲಾರೆ. ಎತ್ತಿ ಹಿಡಿಯಬಲ್ಲದ್ದು, ಇಡೀ ಗಿಡವನ್ನು ನೋಡದೆ ಮಾತನಾಡೆನೆಂಬ ಅವನ ಮೊದಲನೆಯ ಹಟವನ್ನು.

ಆ ಹಟದ ಬೆಲೆ ಅವನ ಕಾಲಾನಂತರ ತಿಳಿದುಬಂತು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಗೆರ್ಹಾರ್ಡ್ ಮಡಾಸ್ ಅಂಗುಸ್ಟಿಫೋಲಿಯವನ್ನು ಬೆಳೆಯಲೆಂದು ಅಮೆರಿಕದ ಬೀಜವನ್ನು ಬಿತ್ತಿದ. ಬೆಳೆದು ನಿಂತಾಗ ಅದು ಪರ್ಪ್ಯೂರಿಯ ಎಂಬ ಇನ್ನೊಂದು ಜಾತಿಯಾಗಿತ್ತು. ಜರ್ಮನಿಯ ಸಂಶೋಧನೆಯಲ್ಲಿ ಬಹುಭಾಗ ಆ ಜಾತಿಯ ಮೇಲೆಯೇ ನಡೆಯಿತು. ಮಾರುಕಟ್ಟೆಯಲ್ಲಿ ಎಕಿನೇಶಿಯವೆಂದು ಬಂದ ಬೇರು ಎಷ್ಟೋ ಸಲ ಪಾರ್ಥೇನಿಯಮ್ ಇಂಟೆಗ್ರಿಫೋಲಿಯಮ್ ಎಂಬ ಬೇರೆ ಗಿಡದ ಬೇರಾಗಿತ್ತು. ನಮ್ಮ ಹೊಲಗಳನ್ನು ಹಾಳುಮಾಡಿರುವ ಕಾಂಗ್ರೆಸ್ ಗಿಡಕ್ಕೆ ಅದು ದಾಯಾದಿ! ಒಣಗಿದ ಬೇರನ್ನು ಕಂಡು ಯಾರು ತಾನೇ ಹೇಳಬಲ್ಲರು? ನಮ್ಮಲ್ಲಿಯೂ ಹೀಗೆಯೇ ಅಲ್ಲವೆ? ಬ್ರಾಹ್ಮಿ ಎಂದು ಕೆಲವರು ಒಂದೆಲಗವನ್ನು ಕೊಡುತ್ತಾರೆ, ಕೆಲವರು ನೀರುಬ್ರಾಹ್ಮಿಯನ್ನು ಕೊಡುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು.

ಎಕಿನೇಶಿಯದಲ್ಲಿ ಎಷ್ಟು ಜಾತಿಗಳಿವೆ ಎಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. 1968ರಲ್ಲಿ ಕ್ಯಾನ್ಸಸ್ಸಿನ ಮೆಕ್‌ಗ್ರೆಗರ್ ಒಂಬತ್ತು ಎಂದ. 2002ರಲ್ಲಿ ಬೇರೆ ಸಂಶೋಧಕರು ನಾಲ್ಕೇ ಎಂದರು. ಇದು ಬರಿಯ ಪಂಡಿತರ ಜಗಳವಲ್ಲ. ಯಾವುದು ಬೇರೆ ಜಾತಿಯೆಂದು ತಿಳಿದರೆ ತಾನೆ ಯಾವುದು ಅಳಿಯುತ್ತಿದೆಯೆಂದು ತಿಳಿಯುವುದು? ಟೆನೆಸ್ಸೀ ಸಂಸ್ಥಾನದ ನ್ಯಾಷ್‌ವಿಲ್ ಸುತ್ತಣ ಕಲ್ಲುನೆಲದಲ್ಲಿ ಮಾತ್ರ ಬೆಳೆಯುವ ಜಾತಿಯೊಂದು ನಿರ್ನಾಮವಾಯಿತೆಂದೇ ತಿಳಿದಿದ್ದರು. 1960ರ ದಶಕದಲ್ಲಿ ಅದು ಮತ್ತೆ ಕಂಡಿತು. 1979ರಲ್ಲಿ ಅದನ್ನು ವಿನಾಶದ ಅಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿ, ನೆಲವನ್ನು ಕಾಯ್ದಿಟ್ಟು, ಗಿಡಗಳನ್ನು ಬೆಳೆಸಿ, 2011ರಲ್ಲಿ ಪಟ್ಟಿಯಿಂದ ತೆಗೆಯುವಷ್ಟು ಚೇತರಿಸಿಕೊಳ್ಳುವಂತೆ ಮಾಡಿದರು.

ಅಂಗುಸ್ಟಿಫೋಲಿಯದ ಕಷ್ಟ ಬೇರೆ ರೀತಿಯದು. ಅದರ ಬೇರನ್ನು ಅಗೆಯುವುದು ಲಾಯ್ಡನ ಕಾಲದಲ್ಲಿಯೇ ಕಸುಬಾಗಿತ್ತು. 1990ರ ದಶಕದಲ್ಲಿ ಬೆಲೆ ಏರಿದಾಗ ಬಯಲುಗಳಲ್ಲಿ ಗುದ್ದಲಿಗಳು ಮತ್ತೆ ಎದ್ದವು. ಅಗೆದ ಗಿಡಗಳಲ್ಲಿ ಸುಮಾರು ಅರ್ಧದಷ್ಟು, ನೆಲದಲ್ಲಿ ಉಳಿದ ಬೇರಿನ ತುದಿಯಿಂದ ಮತ್ತೆ ಚಿಗುರುತ್ತವೆಂದು ಕ್ಯಾನ್ಸಸ್ಸಿನ ಸಂಶೋಧಕರು ಕಂಡರು, ಇದೊಂದು ಸಮಾಧಾನ. ಆದರೆ ಬಯಲೇ ಹೋದರೆ? ಎತ್ತರದ ಹುಲ್ಲಿನ ಆ ಬಯಲುಗಳು ಬಹುಪಾಲು ಜೋಳದ, ಸೋಯಾದ ಹೊಲಗಳಾಗಿವೆ. ಅಲ್ಲೊಂದು ಇಲ್ಲೊಂದು ತುಣುಕು, ರೈಲುದಾರಿಯ ಪಕ್ಕದಲ್ಲೋ ಸ್ಮಶಾನದ ಮೂಲೆಯಲ್ಲೋ ಉಳಿದಿದೆ. ಈ ಗಿಡ ತನ್ನ ಪರಾಗದಿಂದ ತಾನೇ ಬೀಜ ಕಟ್ಟಲಾರದು. ಹೊಂದುವ ಇನ್ನೊಂದು ಗಿಡ ಹತ್ತಿರದಲ್ಲಿ, ಅದೇ ದಿನಗಳಲ್ಲಿ ಹೂ ಬಿಟ್ಟಿರಬೇಕು. ಮಿನೆಸೋಟದಲ್ಲಿ 1990ರ ದಶಕದಿಂದ ಒಂದೊಂದು ಗಿಡವನ್ನೂ ಗುರುತುಹಾಕಿ ಲೆಕ್ಕವಿಡುತ್ತ ಬಂದ ಸಂಶೋಧಕರು, ಒಂಟಿಯಾದ ಗಿಡಗಳಲ್ಲಿ ಹೂವಿದ್ದರೂ ಕಾಳು ಕಡಿಮೆಯೆಂದು ಕಂಡುಕೊಂಡರು. ಬಯಲಿಗೆ ಆಗಾಗ ಬೆಂಕಿ ಬಿದ್ದರೆ ಮುಂದಿನ ಬೇಸಗೆಯಲ್ಲಿ ಗಿಡಗಳು ಒಟ್ಟಿಗೆ ಹೂ ಬಿಟ್ಟು ಹೆಚ್ಚು ಬೀಜ ಕಟ್ಟುತ್ತವೆಂಬುದೂ ಅವರು ಕಂಡ ಸಂಗತಿಯೇ. ಲಾಯ್ಡ್ ಬೇರು ಸಾಲದು, ಗಿಡ ಬೇಕೆಂದ. ಗಿಡವೂ ಸಾಲದು, ಅದರ ನೆರೆಹೊರೆಯೂ ಬೇಕೆಂದು ಇವರು ತೋರಿಸಿದರು.

ಲಾಯ್ಡನ ಉಳಿದ ಬಾಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಸ್ಯಸಾರವನ್ನು ಹೆಚ್ಚು ಕಾಯಿಸಿ ಕೆಡಿಸದೆ ಇಳಿಸುವ ಯಂತ್ರವೊಂದನ್ನು ರಚಿಸಿದ. ಕಲಿಲಗಳ ವಿಷಯವಾಗಿ ಅವನು ಬರೆದುದನ್ನು ಜರ್ಮನಿಯ ವುಲ್ಫ್‌ಗಾಂಗ್ ಓಸ್ಟ್ವಾಲ್ಡ್ ತನ್ನ ದೇಶದವರಿಗೆ ಪರಿಚಯಿಸಿದ. ಎಟಿಡೋರ್ಪ ಎಂಬ ವಿಚಿತ್ರ ಕಾದಂಬರಿಯನ್ನು 1895ರಲ್ಲಿ ಬರೆದು ಸಾಹಿತ್ಯದಲ್ಲಿಯೂ ಹೆಸರು ಗಳಿಸಿದ. 1920ರಲ್ಲಿ ಔಷಧಶಾಸ್ತ್ರಜ್ಞರ ಹಿರಿಯ ಗೌರವವಾದ ರೆಮಿಂಗ್ಟನ್ ಪದಕ ಬಂತು. 1936ರ ಏಪ್ರಿಲ್ 9ರಂದು, ಎಂಬತ್ತೇಳು ತುಂಬಲು ಹತ್ತು ದಿನವಿರುವಾಗ, ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. ತಾತ ಮಳೆಗಾಲ ಮುಗಿಯುವ ಹೊತ್ತಿಗೆ ಗುದ್ದಲಿ ಹಿಡಿದು ಕೆರೆಯಾಚೆಯ ಗುಡ್ಡದ ಕಡೆ ಹೋಗುತ್ತಿದ್ದರೆಂಬುದಷ್ಟೇ ಅಮ್ಮನ ನೆನಪು. ಇಬ್ಬರೂ ಹೋಗಿ ನೋಡಿದೆವು. ಗುಡ್ಡದ ಅರ್ಧ ಈಗ ನೀಲಗಿರಿ ತೋಪು. ಉಳಿದರ್ಧದಲ್ಲಿ ನನಗೆ ಹೆಸರು ಗೊತ್ತಿಲ್ಲದ ನೂರು ಗಿಡಗಳಿದ್ದವು. ನಾವು ಯಾವುದನ್ನೂ ಕೀಳಲಿಲ್ಲ. ಚೇಳು ಕಡಿದರೆ ಊರಿನವರು ಈಗ ಆಸ್ಪತ್ರೆಗೆ ಹೋಗುತ್ತಾರೆ, ಅದು ಸರಿಯೇ. ತಾತನ ಬೇರಿಗೆ ಗುಣವಿತ್ತೋ ಇಲ್ಲವೋ, ಪರೀಕ್ಷಿಸುವುದಕ್ಕಾದರೂ ಗಿಡ ಬೇಕಲ್ಲವೆ? ನಮ್ಮ ಕಾಲೇಜಿನ ಎಷ್ಟೋ ಮಂದಿ ಸಹಪಾಠಿಗಳ ಮನೆಗಳಲ್ಲಿ ಇಂಥ ಗಂಟುಗಳಿರಬಹುದು, ಮದ್ದು ಬಲ್ಲ ಅಜ್ಜಿಯೋ ತಾತನೋ ಇನ್ನೂ ಇರಬಹುದು. ಅಂಥವರು ಈ ಬೇಸಗೆಯ ರಜೆಗೆ ಕಾಯದೆ, ಮಳೆ ಬಿದ್ದು ಹೂ ಬಿಟ್ಟಿರುವಾಗಲೇ ಒಂದು ಭಾನುವಾರ ಅವರ ಕೈಹಿಡಿದುಕೊಂಡು ಗುಡ್ಡಕ್ಕೆ ಹೋಗಿ, ಗಿಡವನ್ನು ತೋರಿಸಿಕೊಂಡು, ಅವರ ಹೆಸರಿನೊಡನೆ ಗಿಡದ ಹೆಸರನ್ನೂ ಬರೆದುಕೊಂಡು ಬರಲಿ. ನಾನು ಕೇಳುವುದಕ್ಕೆ ತಡಮಾಡಿದೆ.