ಎರಡಾಣೆಗೂ ಬ್ಯಾಂಕಿನ ಬಾಗಿಲು ತೆರೆದ ವೈದ್ಯ ಡಾ. ಟಿ.ಎಂ.ಎ. ಪೈ

ಬೈಲಹೊಂಗಲ: ದುಡಿಯಲು ಗೋವಾಕ್ಕೋ ಪುಣೆಗೋ ಹೋದ ಮಗ ಊರಿನಲ್ಲಿರುವ ತಾಯಿಗೆ ಒಂದು ಸಾವಿರ ರೂಪಾಯಿ ಮನಿಯಾರ್ಡರ್ ಮಾಡಬೇಕಾದರೆ 50 ರೂಪಾಯಿ ಕಮಿಷನ್ ತೆರಬೇಕಿತ್ತು. ಪ್ರತಿ 20 ರೂಪಾಯಿಗೆ 1 ರೂಪಾಯಿ ಎಂಬ ಲೆಕ್ಕ ಅಂಚೆ ಇಲಾಖೆಯಲ್ಲಿ ಬಹುಕಾಲ ನಡೆಯಿತು. ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಿಂದಲೂ ಬೈಲಹೊಂಗಲ, ಕಿತ್ತೂರು ಸೀಮೆಯಿಂದಲೂ ಗುಳೆ ಹೋದ ಕೂಲಿಕಾರರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಅದನ್ನು ಉಳಿಸಬೇಕೆಂದರೆ ಹಬ್ಬಕ್ಕೆ ಊರಿಗೆ ಹೊರಟ ಪರಿಚಿತರ ಕೈಗೆ ಹಣ ಕೊಟ್ಟು, ಅದು ತಲುಪಿದ ಸುದ್ದಿಗಾಗಿ ಕಾಯಬೇಕಿತ್ತು. ಬ್ಯಾಂಕಿನಲ್ಲಿ ಡ್ರಾಫ್ಟ್ ಸಿಗುತ್ತಿತ್ತು, ನಿಜ. ಆದರೆ ಖಾತೆಯೇ ಇಲ್ಲದ ತಾಯಿಗೆ ಡ್ರಾಫ್ಟ್ ಕಳುಹಿಸಿ ಪ್ರಯೋಜನವೇನು?

ಬಡವನ ಹಣ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಲು ತಗಲುವ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ 1928ರಷ್ಟು ಹಿಂದೆಯೇ ಉಡುಪಿಯಲ್ಲಿ ಒಂದು ಉತ್ತರ ಸಿಕ್ಕಿತ್ತು. ಆ ಉತ್ತರ ಕೊಟ್ಟವರು ಅರ್ಥಶಾಸ್ತ್ರಜ್ಞರಲ್ಲ, ವೈದ್ಯರು. ಅವರೇ ಮಣಿಪಾಲದ ನಿರ್ಮಾತೃ ಡಾ. ತೋನ್ಸೆ ಮಾಧವ ಅನಂತ ಪೈ.

ಪೈ ಅವರು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿ ಊರಿಗೆ ಮರಳಿ ವೃತ್ತಿ ಆರಂಭಿಸಿದರು. ಆಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. ಅಲ್ಲಿನ ಕೈಮಗ್ಗದ ನೇಕಾರರು ತೀವ್ರ ಸಂಕಷ್ಟದಲ್ಲಿದ್ದ ಕಾಲವದು. ನೂಲು ಕೊಳ್ಳಲು ಕೈಯಲ್ಲಿ ಹಣವಿಲ್ಲ, ಸಾಲ ಕೊಡುವ ಬ್ಯಾಂಕಿಲ್ಲ. ವೈದ್ಯರಿಗೆ ರೋಗದ ಜತೆಗೆ ಮನೆಯ ಪರಿಸ್ಥಿತಿಯೂ ಕಾಣುತ್ತದೆ. ದುಡಿದ ದಿನ ಕೈಗೆ ಬಂದ ಕಾಸು ಅಂದೇ ಕರಗಿಹೋಗುತ್ತಿದ್ದ ಮನೆಗಳು ಅವರ ಸುತ್ತಲೂ ಇದ್ದವು.

1925ರಲ್ಲಿ ಪೈ ಅವರು ಅಣ್ಣ, ವ್ಯಾಪಾರಿ ಉಪೇಂದ್ರ ಅನಂತ ಪೈ ಹಾಗೂ ಇಂಜಿನಿಯರ್ ವಾಮನ ಕುಡ್ವ ಅವರ ಜತೆಗೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಬಂಡವಾಳ 8,000 ರೂಪಾಯಿ. ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶ. ಸಣ್ಣ ಜನರ ಸಣ್ಣ ಉಳಿತಾಯ ಸಂಗ್ರಹಿಸಿ ಅದನ್ನೇ ಸಾಲವಾಗಿ ನೀಡುವುದು ಅದಕ್ಕೆ ಕಂಡುಕೊಂಡ ದಾರಿ. ಮಗ್ಗದ ಸದ್ದಿನಲ್ಲೇ ಬೆಳೆದ ರಾಮದುರ್ಗದವರಿಗೆ ಆ ಬ್ಯಾಂಕು ಏಕೆ ಹುಟ್ಟಿತೆಂದು ವಿವರಿಸಬೇಕಾಗಿಲ್ಲ.

ಮೂರು ವರ್ಷಗಳ ನಂತರ, 1928ರಲ್ಲಿ, ಬ್ಯಾಂಕು ಬ್ರಹ್ಮಾವರದಲ್ಲಿ ತನ್ನ ಮೊದಲ ಶಾಖೆ ತೆರೆಯಿತು. ಪಿಗ್ಮಿ ಠೇವಣಿ ಆರಂಭವಾದದ್ದೂ ಅದೇ ವರ್ಷ. ದಿನಕ್ಕೆ ಕನಿಷ್ಠ ಎರಡಾಣೆ. ಕಟ್ಟಲು ಠೇವಣಿದಾರ ಬ್ಯಾಂಕಿಗೆ ಬರಬೇಕಾಗಿಲ್ಲ, ಬ್ಯಾಂಕಿನ ಏಜೆಂಟನೇ ಮನೆಗೋ ಅಂಗಡಿಗೋ ಬಂದು ಹಣ ಪಡೆದು ಲೆಕ್ಕ ಬರೆದು ಹೋಗುತ್ತಾನೆ. ರೂಪಾಯಿಗೆ 16 ಆಣೆಯಿದ್ದ ಆ ದಿನಗಳಲ್ಲಿ ತಪ್ಪದೆ ಎರಡಾಣೆ ಕಟ್ಟಿದವನ ಖಾತೆಯಲ್ಲಿ ವರ್ಷದ ಕೊನೆಗೆ 45 ರೂಪಾಯಿ 10 ಆಣೆ ಸೇರುತ್ತಿತ್ತು. ಕೂಲಿಯವನಿಗೆ ಒಂದೇ ಗಂಟಾಗಿ ಅಷ್ಟು ಹಣ ಕೂಡಿಡುವ ಬೇರೆ ದಾರಿ ಕಷ್ಟವಿತ್ತು.

ಯೋಜನೆಯ ಹೊಸತನವಿದ್ದದ್ದು ಬಡ್ಡಿಯಲ್ಲಲ್ಲ, ನಡಿಗೆಯಲ್ಲಿ. ಎರಡಾಣೆ ಕಟ್ಟಲು ಎರಡು ಹರದಾರಿ ನಡೆದು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗಾದರೆ ಉಳಿತಾಯವೇ ನಷ್ಟ. ಆ ನಡಿಗೆಯನ್ನು ಬ್ಯಾಂಕು ವಹಿಸಿಕೊಂಡಿತು, ಏಜೆಂಟನಿಗೆ ಕಮಿಷನ್ ಕೊಟ್ಟಿತು. ಹಾಗೆಂದು ಎಲ್ಲವೂ ಧರ್ಮಾರ್ಥವಾಗಿ ನಡೆಯಿತೆಂದು ತಿಳಿಯಬೇಕಾಗಿಲ್ಲ. ಪಿಗ್ಮಿ ಹಣಕ್ಕೆ ಬಡ್ಡಿ ಕಡಿಮೆ, ಏಜೆಂಟರ ಬದುಕೂ ಕಮಿಷನ್ನಿನ ಮೇಲೆಯೇ ನಿಂತಿತ್ತು. ಅವರು ಬ್ಯಾಂಕಿನ ಕೆಲಸಗಾರರೇ ಅಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ, ಕೆಲಸಗಾರರೇ ಹೌದೆಂದು ತೀರ್ಮಾನವಾಗಲು 2001 ಬರಬೇಕಾಯಿತು. ವೆಚ್ಚ ಎಲ್ಲಿಗೂ ಹೋಗುವುದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಬದಲಾಗುತ್ತದೆ ಅಷ್ಟೆ. ಪೈ ಅವರು ಅದನ್ನು ಕೂಲಿಯವನ ಹೆಗಲಿನಿಂದ ಇಳಿಸಿದರು.

ಕರಾವಳಿಯೂ ವಲಸೆಯ ನಾಡೇ. ಅಲ್ಲಿನ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಊರಿನ ಮನೆ ನಡೆಸುತ್ತಿದ್ದ ಕಾಲದಲ್ಲಿ, 1937ರಲ್ಲಿ, ಪೈ ಅವರ ಬ್ಯಾಂಕು ಮುಂಬಯಿ ಕ್ಲಿಯರಿಂಗ್ ಹೌಸಿನ ಸದಸ್ಯತ್ವ ಪಡೆಯಿತು. ಇದರ ಮಹತ್ವ ಮೇಲ್ನೋಟಕ್ಕೆ ಕಾಣದು. ಬ್ಯಾಂಕುಗಳು ಪರಸ್ಪರರ ಚೆಕ್ಕು, ಡ್ರಾಫ್ಟುಗಳ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಸ್ಥಳವದು. ಅಲ್ಲಿ ಸ್ವಂತ ಸ್ಥಾನವಿಲ್ಲದ ಬ್ಯಾಂಕು ಬೇರೊಂದು ಬ್ಯಾಂಕಿನ ಮೂಲಕವೇ ವ್ಯವಹರಿಸಬೇಕು. ದುಡಿಯುವ ನಗರದಲ್ಲಿಯೂ ಊರಿನ ಪೇಟೆಯಲ್ಲಿಯೂ ಒಂದೇ ಬ್ಯಾಂಕಿದ್ದರೆ ಹಣ ಸಾಗಿಸುವುದು ಲೆಕ್ಕಪುಸ್ತಕದ ಎರಡು ಸಾಲುಗಳ ಕೆಲಸ.

ಬ್ಯಾಂಕಿನ ಪ್ರಧಾನ ಕಚೇರಿ ಮುಂದೆ ಮಣಿಪಾಲಕ್ಕೆ ಬಂತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪನೆಯಾದವು. ಕಲ್ಲುಬಂಡೆಯ ಬೋಳುಗುಡ್ಡ ವಿದ್ಯಾನಗರವಾದ ಕತೆ ನಾಡಿಗೆಲ್ಲ ತಿಳಿದದ್ದೇ. ಬಡವರಿಗೆ ಎರಡಾಣೆಯ ಖಾತೆ ತೆರೆದ ಕುಟುಂಬದ ಕಾಲೇಜುಗಳಲ್ಲಿ ಶುಲ್ಕ ದುಬಾರಿ ಎಂಬ ಟೀಕೆಯೂ ಬಂತು. ಅದು ಬೇರೆಯೇ ಚರ್ಚೆ.

1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರು ಪಡೆದ ಸಂಸ್ಥೆಯನ್ನು ಮುನ್ನಡೆಸಿದವರಲ್ಲಿ ಉಪೇಂದ್ರ ಪೈ ಅವರ ಪುತ್ರ, ಮುಂದೆ ಕೇಂದ್ರ ಸಚಿವರಾದ ಟಿ.ಎ. ಪೈ ಪ್ರಮುಖರು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಸಹ ಒಂದು. ಹಳ್ಳಿಗೆ ಬ್ಯಾಂಕು ಹೋಗಬೇಕೆಂಬುದು ಸರ್ಕಾರದ ನೀತಿಯಾಗುವ ನಾಲ್ಕು ದಶಕ ಮೊದಲೇ ಬ್ರಹ್ಮಾವರದಲ್ಲಿ ಶಾಖೆ ತೆರೆದವರ ಕೈಯಿಂದ ಬ್ಯಾಂಕನ್ನು ಸರ್ಕಾರ ತೆಗೆದುಕೊಂಡದ್ದು ಇತಿಹಾಸದ ವಿಚಿತ್ರಗಳಲ್ಲೊಂದು. 1972ರಲ್ಲಿ ಪೈ ಅವರಿಗೆ ಪದ್ಮಶ್ರೀ ಸಂದಿತು.

ಬೆಳಗಾವಿ ಜಿಲ್ಲೆಗೆ ಈ ಪರಂಪರೆ ತಲುಪಿದ್ದು ನದಿಯೊಂದರ ಹೆಸರಿನಲ್ಲಿ. ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕಾದ ಪ್ರಥಮಾ ಬ್ಯಾಂಕನ್ನು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಪ್ರಾಯೋಜಿಸಿದ್ದು ಸಿಂಡಿಕೇಟ್ ಬ್ಯಾಂಕ್. ಮರುವರ್ಷ ಅದೇ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಸ್ಥಾಪನೆಯಾಯಿತು. ಬೈಲಹೊಂಗಲ ಸೀಮೆ ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ರಾಮದುರ್ಗದತ್ತ ಹರಿಯುವ ಹೊಳೆಯ ಹೆಸರಿನ ಆ ಬ್ಯಾಂಕು ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಕೆಲಸ ಮಾಡಿತು. ಹಣ ಪಡೆಯುವ ತಾಯಿಗೂ ಒಂದು ಪಾಸ್‌ಬುಕ್ ಸಿಗುವ ಸಾಧ್ಯತೆ ಹತ್ತಿರವಾದದ್ದು ಹೀಗೆ.

ಪೈ ಅವರು 1979ರ ಮೇ 29ರಂದು ನಿಧನರಾದರು. ಅವರ ಯೋಜನೆಯಲ್ಲಿ ಒಂದು ಅರ್ಧ ಬಾಕಿ ಉಳಿದಿತ್ತು. ಮನೆಬಾಗಿಲಿನಿಂದ ಬ್ಯಾಂಕಿಗೆ ಹಣ ಒಯ್ಯುವ ವ್ಯವಸ್ಥೆ ಅವರಿಂದಾಯಿತು. ದೂರದ ಊರಿನ ದುಡಿಮೆಯನ್ನು ಅಷ್ಟೇ ಅಗ್ಗವಾಗಿ ಮನೆಬಾಗಿಲಿಗೆ ತರುವ ವ್ಯವಸ್ಥೆ ಅವರ ಕಾಲದಲ್ಲಿ ಆಗಲಿಲ್ಲ. ಆ ಕೆಲಸ ಅಂಚೆಯಣ್ಣನದೇ ಆಗಿ ಉಳಿಯಿತು. ಶಾಖೆಯಿಲ್ಲದ ಹಳ್ಳಿಯಲ್ಲಿ ಪ್ರತಿನಿಧಿಯ ಮೂಲಕ ಹಣ ಕೊಡಲು, ಪಡೆಯಲು ರಿಸರ್ವ್ ಬ್ಯಾಂಕ್ ಅನುಮತಿ ನೀಡಿದ್ದು 2006ರಲ್ಲಿ. 2014ರಲ್ಲಿ ಜನಧನ ಖಾತೆ ಬಂತು, 2016ರಲ್ಲಿ ಯುಪಿಐ. ಉಳಿತಾಯ ಖಾತೆದಾರರು ಆನ್‌ಲೈನಿನಲ್ಲಿ ಮಾಡುವ ನೆಫ್ಟ್ ವರ್ಗಾವಣೆಗೆ 2020ರ ಜನವರಿಯಿಂದ ಶುಲ್ಕ ರದ್ದಾಯಿತು. ಗೋವಾದಲ್ಲಿ ಗಾರೆ ಕಲಸುವವನು ಮೊಬೈಲಿನಿಂದ ಮನೆಗೆ ಕಳುಹಿಸುವ ಸಾವಿರ ರೂಪಾಯಿ ಈಗ ಸಾವಿರವಾಗಿಯೇ ಖಾತೆ ಸೇರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದೆ ಅಂಗಡಿಯಲ್ಲಿ ನಗದು ಕೊಟ್ಟು ಕಳುಹಿಸುವವನಿಗೆ ಮಾತ್ರ ಕಮಿಷನ್ ತಪ್ಪಿಲ್ಲ.

ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದೂ 2025ರ ಮೇ 1ರಿಂದ ರಾಜ್ಯದ ಏಕೈಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೈಲಹೊಂಗಲದಂಥ ಪೇಟೆಗಳಲ್ಲಿ ಪತ್ತಿನ ಸಂಘಗಳ ಏಜೆಂಟರು ಅಂಗಡಿ ಅಂಗಡಿ ತಿರುಗಿ ದಿನದ ಹಣ ಕೂಡಿಸುವುದು ಮಾತ್ರ ನಿಂತಿಲ್ಲ. ಅದನ್ನು ಇಂದಿಗೂ ಜನ ಪಿಗ್ಮಿ ಎಂದೇ ಕರೆಯುತ್ತಾರೆ.